ರೊಡ್ಡನ ಕಲ್ಲು

ನನಗೆ ಎರಡು ಕೈಗಳಿವೆ. ಇದೇನು ಹೇಳಿಕೊಳ್ಳುವ ಸಂಗತಿಯೇ ಎಂದು ನೀವು ನಗಬಹುದು. ಆದರೆ ಮೂವತ್ತಾರನೆಯ ವಯಸ್ಸಿನವರೆಗೆ ನಾನು ಬದುಕಿದ್ದು ಒಂದೇ ಕೈಯಲ್ಲಿ. ಇನ್ನೊಂದು ಸುಮ್ಮನೆ ಜೊತೆಗಿತ್ತು, ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ. ಚೀಲ ಹಿಡಿ ಎಂದರೆ ಹಿಡಿಯುತ್ತಿತ್ತು, ಬಾಗಿಲು ತಳ್ಳು ಎಂದರೆ ತಳ್ಳುತ್ತಿತ್ತು, ಉಳಿದ ಹೊತ್ತು ತೊಡೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಕೈ ಎಲ್ಲಾದರೂ ನೋಡುತ್ತದೆಯೇ ಎಂದು ಕೇಳಬೇಡಿ. ನನ್ನ ಎಡಗೈ ನೋಡುತ್ತಿತ್ತು.

ಹುಟ್ಟಿದಾಗ ನಾನು ರೊಡ್ಡ. ನಮ್ಮ ಕಡೆ ಎಡಚನಿಗೆ ಹಾಗೆನ್ನುತ್ತಾರೆ, ಹುಡುಗಿಯಾದರೆ ರೊಡ್ಡಿ. ನೇಸರಗಿಯ ನಮ್ಮ ಮನೆಯಲ್ಲಿ ಅಪ್ಪ ಕರುವಿನ ಕಣ್ಣಿ ತಂದು ನನ್ನ ಎಡಗೈಯನ್ನು ಸೊಂಟಕ್ಕೆ ಬಿಗಿದು, ಬಲಗೈಗೆ ಬಳಪ ಕೊಟ್ಟರು. ಸಂಜೆ ಹಾಲು ಹಿಂಡುವಾಗ ಕರುವನ್ನು ಕಟ್ಟಲು ಅದೇ ಕಣ್ಣಿ ಬೇಕಾಗುತ್ತಿದ್ದುದರಿಂದ ಆಗ ನನ್ನನ್ನು ಬಿಚ್ಚುತ್ತಿದ್ದರು. ಹೀಗಾಗಿ ನನ್ನ ವಿದ್ಯಾಭ್ಯಾಸದ ವೇಳಾಪಟ್ಟಿಯನ್ನು ನಡೆಸಿದ್ದು ನಮ್ಮ ಮನೆಯ ಆಕಳು.

ತಪ್ಪು ಅಪ್ಪನದೊಂದೇ ಅಲ್ಲ, ಕನ್ನಡದ್ದೂ ಇದೆ. ಬಲ ಎಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ಎಡದ ಪಾಲಿಗೆ ಬಂದದ್ದು ಎಡವಟ್ಟು, ಎಡವುವುದು, ಎಡಬಿಡಂಗಿತನ. ಈ ಶಬ್ದಗಳ ಮೂಲ ಬೇರೆ ಬೇರೆ ಎಂದು ಪಂಡಿತರು ತೋರಿಸಿಕೊಡಬಹುದು; ಕಣ್ಣಿ ಕಟ್ಟಿಸಿಕೊಂಡವನಿಗೆ ಅಷ್ಟು ಸೂಕ್ಷ್ಮ ಹೊಳೆಯುವುದಿಲ್ಲ. ಅಂತೂ ಎಂಟು ತಿಂಗಳಲ್ಲಿ ನಾನು ಬಲಗೈಯವನಾದೆ. ಅದರ ಗುರುತಾಗಿ ಉಳಿದದ್ದು ಒಂದೇ: ಮಾತಿನಲ್ಲಿ ‘ಬ’ ಅಕ್ಷರ ಬಂದರೆ ನನ್ನ ನಾಲಿಗೆ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು. ಮುಂದೆ ಮಾಸ್ತರನಾದ ಮೇಲೂ ತರಗತಿಯಲ್ಲಿ ಬಲ, ಬೆಳಕು, ಬಾವಲಿ ಎಲ್ಲವನ್ನೂ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿ ಪಾರಾಗುತ್ತಿದ್ದೆ.

ಈ ಪುರಾಣವನ್ನು ನಿಮಗೆ ಹೇಳುತ್ತಿರುವುದು ನನ್ನ ಮಗಳು ನೀಲಾಳ ದೆಸೆಯಿಂದ. ಎಪ್ಪತ್ತರ ದಶಕದ ನಡುವಿನ ಮಾತು. ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿ, ಕಾಲುವೆಯ ಕೆಲಸ ಎಲ್ಲೆಲ್ಲೂ ನಡೆದಿತ್ತು. ನಾನು ಮನೋಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನೀಲಾಳಿಗೆ ಐದು ತುಂಬಿತ್ತು. ಬರುವ ಜೂನಿಗೆ ಶಾಲೆಗೆ ಹಾಕಬೇಕು. ಅವಳು ರೊಟ್ಟಿ ಮುರಿಯುವುದು, ಬಳಪ ಹಿಡಿಯುವುದು, ಬೆಕ್ಕಿನ ಬಾಲ ಎಳೆಯುವುದು ಎಲ್ಲ ಎಡಗೈಯಲ್ಲಿ. ಶಾಲೆಯಲ್ಲಿ ಹೊಡೆತ ತಿನ್ನುವುದಕ್ಕಿಂತ ಮನೆಯಲ್ಲೇ ತಿದ್ದಿದರೆ ಒಳ್ಳೆಯದೆಂದು ತೀರ್ಮಾನಿಸಿದವನು ನಾನು. ಇದನ್ನು ಒಪ್ಪಿಕೊಳ್ಳಲೇಬೇಕು. ಹಳೆಯ ಇಳಕಲ್ ಸೀರೆಯ ದಡಿ ಹರಿದು ಮಗುವಿನ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿದವಳು ಅವ್ವ. ಕಟ್ಟು ಎಂದವನು ನಾನು. ಊಟದ ಹೊತ್ತಿಗೊಮ್ಮೆ, ಅಕ್ಷರ ತಿದ್ದುವ ಹೊತ್ತಿಗೊಮ್ಮೆ ಕಟ್ಟುತ್ತಿದ್ದೆವು.

“ಕೂಸಿನ ಕೈಗೆ ಜೋಮ ಹಿಡೀತೈತ್ರಿ,” ಎಂದಳು ನನ್ನ ಹೆಂಡತಿ ಶಾಂತಾ ಮೊದಲನೆಯ ದಿನವೇ.

“ನನಗ ಹಿಡೀಲಿಲ್ಲೇನು? ನಾ ಏನ ಸತ್ತೇನ?” ಎಂದೆ. ಗಂಡಸರು ತಮ್ಮ ಮೇಲಾದ ಅನ್ಯಾಯವನ್ನು ಪ್ರಮಾಣಪತ್ರದ ಹಾಗೆ ತೋರಿಸುವುದುಂಟು.

ಮೂರು ವಾರಕ್ಕೆ ನೀಲಾಳ ಮಾತು ತೊಡರತೊಡಗಿತು. ಅದುವರೆಗೆ ಓಣಿಗೆಲ್ಲ ಕೇಳುವ ಹಾಗೆ ಹರಟುತ್ತಿದ್ದವಳು ‘ಅಪ್ಪಾ’ ಎನ್ನುವುದಕ್ಕೆ ಮೂರು ಸಲ ಬಾಯಿ ತೆರೆಯುವಂತಾಯಿತು. ಇನ್ನೆರಡು ವಾರಕ್ಕೆ ಆ ಪ್ರಯತ್ನವನ್ನೂ ಬಿಟ್ಟಳು. ನೀರು ಬೇಕಾದರೆ ಗದ್ದದಿಂದ ತಂಬಿಗೆ ತೋರಿಸುತ್ತಿದ್ದಳು. ಕೈಗೂ ನಾಲಿಗೆಗೂ ಏನು ಸಂಬಂಧ ಎಂದು ಡಾಕ್ಟರರು ಕೇಳಬಹುದು. ಅವರೊಡನೆ ನನ್ನ ವಾದವಿಲ್ಲ; ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತಿದ್ದೇನೆ. ನನಗೆ ಒಳಗೊಳಗೆ ಭಯವಾಗುತ್ತಿತ್ತು, ಆದರೆ ಎಂಟು ತಿಂಗಳಿಗೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಗ ಶಾಲೆಯಲ್ಲಿ ನಾನು ಕಲಿಸುತ್ತಿದ್ದದ್ದು ಮನುಷ್ಯ ಹೇಗೆ ಮನುಷ್ಯನಾದ ಎಂಬ ಪಾಠ. ನನಗೆ ಬಹಳ ಮೆಚ್ಚಿನ ಪಾಠ, ಯಾಕೆಂದರೆ ಅದರಲ್ಲಿ ದೆವ್ವಗಳಿವೆ. ಮೈ ಜುಮ್ಮೆನ್ನುವುದನ್ನೇ ನೋಡಿ. ಬೆಕ್ಕು ಹೆದರಿದಾಗ ಕೂದಲು ನಿಮಿರಿಸಿ ದೊಡ್ಡದಾಗಿ ಕಾಣುತ್ತದೆ; ಚಳಿಯಾದಾಗ ತುಪ್ಪಳ ಉಬ್ಬಿಸಿ ಬೆಚ್ಚಗಾಗುತ್ತದೆ. ನಮ್ಮ ಹಿರಿಯರೂ ಹಾಗೇ ಮಾಡುತ್ತಿದ್ದರು. ಆಮೇಲೆ ಬಿಸಿಲಿನ ಬಯಲಿಗೆ ಇಳಿದರು, ಎರಡು ಕಾಲ ಮೇಲೆ ದೂರ ನಡೆದರು, ತುಪ್ಪಳಕ್ಕಿಂತ ಬೆವರೇ ಮೈಯನ್ನು ತಂಪಾಗಿಡುತ್ತದೆಂದು ಕಂಡ ಮೈ ತುಪ್ಪಳವನ್ನು ಕಳಚಿಹಾಕಿತು. ಆದರೂ ಹೆದರಿಕೆಯಾದರೆ ಇಲ್ಲದ ತುಪ್ಪಳಕ್ಕೆ ‘ಏಳು’ ಎಂಬ ಆಜ್ಞೆ ಇಂದಿಗೂ ಹೋಗುತ್ತದೆ. ಆಸಾಮಿ ಮನೆ ಬಿಟ್ಟುಹೋಗಿ ಎಷ್ಟೋ ಕಾಲವಾದರೂ ಅವನ ಹೆಸರಿಗೆ ಕಾಗದ ಬರುವುದು ನಿಂತಿಲ್ಲ. ಆ ಕಾಗದಗಳನ್ನು ನಾವು ಒಡೆದು ಓದುವುದಿಲ್ಲ, ಮೈ ಮಾತ್ರ ಓದಿಕೊಳ್ಳುತ್ತದೆ.

ಹಸುಗೂಸು ಅಂಗೈಗೆ ತಾಗಿದ್ದನ್ನೆಲ್ಲ ಗಟ್ಟಿಯಾಗಿ ಹಿಡಿಯುವುದೂ ಅಂಥದೇ. ತಾಯಿಯ ಮೈಯ ಕೂದಲಿಗೆ ಜೋತುಬಿದ್ದು ಮರದಿಂದ ಮರಕ್ಕೆ ಹೋದ ಕಾಲದ ಹಿಡಿತ ಅದು. ನೀಲಾ ಹುಟ್ಟಿದ ದಿನ ಎಡಗೈಯಿಂದ ನನ್ನ ಬೆರಳು ಹಿಡಿದಾಗ ನಾನು ಕರಗಿಹೋಗಿದ್ದೆ. ಪಾಠ ಹೇಳುವಾಗ ಹೊಳೆಯಿತು, ಅವಳು ಹಿಡಿದದ್ದು ನನ್ನ ಬೆರಳನ್ನಲ್ಲ. ನನ್ನ ಮೈಮೇಲೆ ಇಲ್ಲದ ಏನನ್ನೋ ಹುಡುಕಿಕೊಂಡು ಅವಳ ಕೈಯೊಳಗೆ ಬೇರೆ ಯಾರೋ ಬಂದಿದ್ದರು.

ಇಂಥ ದಿನಗಳಲ್ಲೇ ಒಂದು ಶನಿವಾರ ಮಧ್ಯಾಹ್ನ ಹನಮಪ್ಪ ನಮ್ಮ ಮನೆಗೆ ಬಂದ. ರಾಮದುರ್ಗದ ಕಡೆಯ ಕಲ್ಲುಕುಟಿಗ, ಕಾಲುವೆಯ ಗೋಡೆಗೆ ಕಲ್ಲು ಕಡಿಯುತ್ತಿದ್ದವನು. ಮಾಸ್ತರನಿಗೆ ಕಲ್ಲು ಕೂಡಿಹಾಕುವ ಹುಚ್ಚಿದೆಯೆಂದು ಯಾರೋ ಅವನಿಗೆ ಹೇಳಿದ್ದರು. ತಲೆಯ ಪಟಗ ಬಿಚ್ಚಿ ಅದರೊಳಗಿಂದ ಒಂದು ಕಲ್ಲು ತೆಗೆದ. ಅಂಗೈಯಗಲ, ವೀಳ್ಯದೆಲೆಯ ಆಕಾರ, ಒಂದು ಕಡೆ ಚೂಪು, ಇನ್ನೊಂದು ಕಡೆ ದುಂಡು, ಸವದತ್ತಿಯ ಗುಡ್ಡದ ಕಲ್ಲಿನ ಹಾಗೆ ಕೆಂಪುಗಂದು. ಎರೆಮಣ್ಣಿನ ಕೆಳಗೆ ಎರಡಾಳು ಆಳದ ಜಲ್ಲಿಯ ಪದರಿನಲ್ಲಿ ಸಿಕ್ಕಿತಂತೆ.

“ಹೊಳಿ ಉಳ್ಳಾಡಿಸಿದ ಕಲ್ಲಲ್ರಿ ಇದು, ಹೊಡದ ಕಲ್ಲು,” ಎಂದ. “ಬೆರಳ ಆಡಿಸಿ ನೋಡ್ರಿ. ಒಂದೊಂದು ಪೆಟ್ಟಿಗೆ ಒಂದೊಂದು ಚಕ್ಕಿ ಹಾರೈತಿ. ಛಲೋ ಕೈ.”

ಅದೊಂದು ಕೈಗೊಡಲಿ ಎಂದು ನನಗೆ ತಿಳಿಯಿತು. ಹಿಡಿ ಇಲ್ಲದ, ಕೈಯೇ ಹಿಡಿಯಾಗಿದ್ದ ಕಾಲದ ಕೊಡಲಿ. ಪುಸ್ತಕದಲ್ಲಿ ಚಿತ್ರ ನೋಡಿದ್ದೆ. ಹನಮಪ್ಪ ಕಣ್ಣು ಮುಚ್ಚಿ ಅದರ ಅಂಚಿನ ಮೇಲೆ ಹೆಬ್ಬೆರಳು ಸವರುತ್ತ ಒಂದು ಸುತ್ತು ಬಂದ. ಆಮೇಲೆ, ದಾರಿಯಲ್ಲಿ ಸಿಕ್ಕವರ ಸುದ್ದಿ ಹೇಳುವ ಹಾಗೆ, “ಇದನ್ನ ಹೊಡದಾಂವ ರೊಡ್ಡ ಅದಾನ್ರಿ ಮಾಸ್ತರ,” ಎಂದ.

ಕುತ್ತಿಗೆಯ ಹಿಂದೆ ಸರಕ್ಕನೆ ಒಂದು ಕಾಗದ ಬಂತು. ಮನೋಳಿಯಲ್ಲಿ ಯಾರಿಗೂ ನಾನು ರೊಡ್ಡನೆಂದು ಗೊತ್ತಿರಲಿಲ್ಲ.

ಅಂಜಿದ ಮಾಸ್ತರ ವ್ಯಾಕರಣದ ಹಿಂದೆ ಅಡಗುತ್ತಾನೆ. “ರೊಡ್ಡ ಇದ್ದ ಅನ್ನಪಾ,” ಎಂದೆ. “ಅದಾನ ಅಲ್ಲ. ಇದು ಎಣಸಾಕ ಆಗದಷ್ಟು ಹಳೇದು. ಭೂತಕಾಲ ಹಾಕು.”

“ಭೂತ ಗೀತ ನಂಗ ತಿಳಿಯಾಂಗಿಲ್ರಿ. ಪೆಟ್ಟು ಇಲ್ಲೇ ಐತಿ, ಕೈ ಇಲ್ಲೇ ಐತಿ. ಅಂವ ಒಬ್ಬಾಂವ ಎಲ್ಲಿ ಹೋಗ್ತಾನ?” ಎಂದು ಹೇಳಿ, ಶಾಂತಾ ಕೊಟ್ಟ ಚಹಾ ಕುಡಿದು, ಹನಮಪ್ಪ ತನ್ನ ಹಾದಿ ಹಿಡಿದ.

ಪೆಟ್ಟು ನೋಡಿ ಕೈ ಹೇಳುವುದನ್ನು ವಿದ್ವಾಂಸರು ಒಪ್ಪುತ್ತಾರೋ ಇಲ್ಲವೋ. ಹನಮಪ್ಪ ಮಾತ್ರ ಕಾಲುವೆಯ ಗೋಡೆ ನೋಡಿ ಯಾವ ಕಲ್ಲು ತಾನು ಕಡಿದದ್ದು, ಯಾವುದು ತನ್ನ ತಮ್ಮ ಕಡಿದದ್ದು ಎಂದು ಹೇಳುತ್ತಿದ್ದ. ಅವನು ಹೋದ ಮೇಲೆ ಕಲ್ಲನ್ನು ಬಲಗೈಗೆ ತೆಗೆದುಕೊಂಡೆ. ಅಂಗೈಗೆ ಚುಚ್ಚಿತು, ಚೂಪು ಎತ್ತಲೋ ತಿರುಗಿ ನಿಂತಿತು. ಎಡಗೈಗೆ ಬದಲಿಸಿದೆ. ಅದು ಸುಮ್ಮನೆ ಕೂತುಕೊಂಡಿತು. ಹೆಬ್ಬೆರಳಿಗೊಂದು ಕುಳಿ, ತೋರುಬೆರಳಿಗೊಂದು ಮಟ್ಟಸ ಜಾಗ, ಉಳಿದ ಮೂರಕ್ಕೆ ದುಂಡಗಿನ ಬೆನ್ನು. ನಾನು ಒಂದು ವಸ್ತುವನ್ನು ಹಿಡಿದ ಹಾಗಿರಲಿಲ್ಲ. ಯಾರೋ ನನ್ನ ಕೈಕುಲುಕಿ ಬಿಡಲು ಮರೆತ ಹಾಗಿತ್ತು. ಕಲ್ಲು ಬೆಚ್ಚಗಿತ್ತು. ಹನಮಪ್ಪನ ಪಟಗದ ಬಿಸಿ ಎಂದುಕೊಂಡೆ. ಅವನು ಹೋಗಿ ಅರ್ಧ ತಾಸಾಗಿತ್ತು.

ಅದನ್ನು ಮೇಜಿನ ಮೇಲೆ ಉತ್ತರಪತ್ರಿಕೆಗಳು ಹಾರದ ಹಾಗೆ ಇಟ್ಟೆ. ಆಮೇಲಿನ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಬಲಗೈಯಿಂದ ಪತ್ರಿಕೆ ತಿದ್ದುತ್ತಿದ್ದಾಗ ಕಲ್ಲು ಮೇಜಿನಿಂದ ಕಾಣೆಯಾಗಿರುತ್ತಿತ್ತು. ಹುಡುಕಿದರೆ ಎಡಗೈಯಲ್ಲಿರುತ್ತಿತ್ತು. ಎತ್ತಿಕೊಂಡ ನೆನಪೇ ಇಲ್ಲ. ಕಪಾಟಿನಲ್ಲಿಟ್ಟೆ. ಮಾರನೆಯ ದಿನ ತರಗತಿಯಲ್ಲಿ ಸೀಮೆಸುಣ್ಣಕ್ಕೆಂದು ಎಡಜೇಬಿಗೆ ಕೈಹಾಕಿದರೆ ಅಲ್ಲಿ ಅದೇ ಕಲ್ಲು. ಮರೆಗುಳಿತನವೆಂದು ನಕ್ಕೆ. ಮರೆಗುಳಿಗಳು ವಸ್ತುಗಳನ್ನು ಬಿಟ್ಟುಬರುತ್ತಾರೆಯೇ ಹೊರತು ತೆಗೆದುಕೊಂಡು ಬರುವುದಿಲ್ಲ ಎಂಬುದು ಮಾತ್ರ ನಗುವಿನ ನಡುವೆ ಮುಳ್ಳಿನಂತೆ ಉಳಿಯಿತು.

ಆ ತಿಂಗಳ ಅಮಾವಾಸ್ಯೆಗೆ ರಜೆಯಿತ್ತು. ಅಂಥ ಇನ್ನಷ್ಟು ಕಲ್ಲು ಸಿಕ್ಕಾವೆಂದು ಸೈಕಲ್ಲಿನಲ್ಲಿ ನವಿಲುತೀರ್ಥದ ಕೆಳಗಿನ ಹೊಳೆಗೆ ಹೊರಟೆ. “ಹೊತ್ತು ನೆತ್ತಿಗೆ ಬಂದಾಗ ಹೊಳಿಗೆ ಹೋಗಬ್ಯಾಡೋ. ಆ ಹೊತ್ತು ಅವರದು,” ಎಂದಳು ಅವ್ವ. ಅವರು ಯಾರು ಎಂದು ಕೇಳುವಷ್ಟು ವೈಜ್ಞಾನಿಕ ಮನೋಭಾವ ನನ್ನಲ್ಲಿದ್ದರೂ, ಉತ್ತರ ಕೇಳುವಷ್ಟು ಧೈರ್ಯವಿರಲಿಲ್ಲ.

ನೀರನ್ನು ಮೇಲೆ ಅಣೆಕಟ್ಟು ಹಿಡಿದುಕೊಂಡಿತ್ತು. ಮಲಪ್ರಭೆಯ ಹಾಸು ಕಲ್ಲು ಕಲ್ಲಾಗಿ ಬಿಸಿಲಿಗೆ ತೆರೆದುಬಿದ್ದಿತ್ತು. ಗಾಳಿಯಿಲ್ಲ. ಅಮಾವಾಸ್ಯೆಗೆ ಕಲ್ಲುಕುಟಿಗರು ಉಳಿ ಸುತ್ತಿಗೆ ಮುಟ್ಟುವುದಿಲ್ಲ. ಹೀಗಾಗಿ ಕಾಲುವೆಯ ಕಡೆಯಿಂದಲೂ ಸದ್ದಿಲ್ಲ. ಬಂಡೆಯ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತೆ. ನಮ್ಮ ಹಿರಿಯರು ಈ ಜಾಗವನ್ನೇ ಯಾಕೆ ಆರಿಸಿಕೊಂಡರು ಎಂದು ಯೋಚಿಸಿದೆ. ಕುಡಿಯಲು ನೀರು, ಒಡೆಯಲು ಕಲ್ಲು, ನೀರಿಗೆ ಇಳಿಯುವ ಪ್ರಾಣಿಗಳು ದೂರದಿಂದಲೇ ಕಾಣುವ ಇಳಿಜಾರು, ಹಿಂದಿನಿಂದ ಯಾರೂ ಬೀಳದ ಹಾಗೆ ಬೆನ್ನಿಗೊಂದು ಬಂಡೆ. ಅಷ್ಟು ಯೋಚಿಸಿದಾಗ ಗಮನಿಸಿದೆ: ನನ್ನ ಬೆನ್ನು ಬಂಡೆಗಿತ್ತು, ಮುಖ ಇಳಿಜಾರಿಗಿತ್ತು. ಇಡೀ ಹೊಳೆಯ ದಂಡೆಯಲ್ಲಿ ನಾನು ಬಂದು ಕೂತದ್ದು ಅವರು ಕೂರುತ್ತಿದ್ದ ಜಾಗದಲ್ಲೇ. ಕೂರು ಎಂದು ಯಾರೂ ಹೇಳಿರಲಿಲ್ಲ.

ಆಗ ಕೇಳಿಸಿತು. ಟಕ್. ಟಕ್. ಟಕ್. ಸ್ವಲ್ಪ ತಡೆದು ಮತ್ತೆ ಮೂರು.

ಅಮಾವಾಸ್ಯೆಯ ದಿನ ಕಲ್ಲು ಹೊಡೆಯುವವರು ಯಾರು? ತಲೆಯೆತ್ತಿ ಆಚೆ ದಂಡೆ ನೋಡಿದೆ. ಸದ್ದು ನಿಂತಿತು. ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್, ಟಕ್. “ಯಾರ ಅದೀರಿ?” ಎಂದು ಕೂಗಿದೆ. ಕಣಿವೆ ನನ್ನ ಮಾತಿನ ಕೊನೆಯ ತುಂಡನ್ನಷ್ಟೇ ಹಿಂದಿರುಗಿಸಿತು. “ಅದೀರಿ?”

ಮತ್ತೆ ಟಕ್ ಎಂದಿತು. ಈ ಸಲ ಮೊಣಕಾಲ ಕೆಳಗೆ ಚುರ್ರೆಂದಿತು. ಬಗ್ಗಿ ನೋಡಿದೆ. ಕಾಲಿಗೆ ಹೊಸ ಚಕ್ಕೆಯೊಂದು ತಗುಲಿ ಸಣ್ಣಗೆ ರಕ್ತ ಬಂದಿತ್ತು. ನನ್ನ ಬಲಗೈ ಒಂದು ಬೆಣಚುಗಲ್ಲನ್ನು ತೊಡೆಯ ಮೇಲೆ ಅದುಮಿ ಹಿಡಿದಿತ್ತು, ವಿಧೇಯವಾಗಿ, ಕೆಲಸಕ್ಕೆ ಇಟ್ಟುಕೊಂಡವನ ಹಾಗೆ. ಎಡಗೈಯಲ್ಲಿ ಆ ಕಲ್ಲಿತ್ತು. ಹೊಡೆಯುತ್ತಿದ್ದವನು ನಾನೇ. ನಾನೇ ಎನ್ನಲೂ ಮನಸ್ಸು ಒಪ್ಪುತ್ತಿಲ್ಲ. ನಾನು ಆಚೆ ದಂಡೆ ನೋಡುತ್ತಿದ್ದೆ. ನನ್ನ ಎಡಗೈ ತನ್ನ ಕೆಲಸ ಮಾಡುತ್ತಿತ್ತು. ಕಾಲ ಬಳಿ ಏಳೆಂಟು ಚಕ್ಕೆಗಳು ಬಿದ್ದಿದ್ದವು. ಎಷ್ಟು ಹೊತ್ತಿನಿಂದ ನಡೆದಿತ್ತೋ ಶಿವನೇ ಬಲ್ಲ.

ಓಡಿದೆ. ಮಾನವನ ವಿಕಾಸವನ್ನು ಒಂಬತ್ತು ವರ್ಷ ಬೋಧಿಸಿದವನು ಒಂದು ಚಪ್ಪಲಿ ಬಿಟ್ಟು ಓಡಿದೆ. ಅದು ಇನ್ನೂ ಅಲ್ಲೇ ಹೂತಿರಬೇಕು. ಮುಂದೊಂದು ಕಾಲಕ್ಕೆ ಯಾರಾದರೂ ಅಗೆದು ತೆಗೆದು, ಅದನ್ನು ಮೆಟ್ಟಿದ ಪ್ರಾಣಿಗೆ ಒಂದೇ ಕಾಲಿತ್ತೆಂದು ಬರೆದರೂ ಬರೆಯಬಹುದು.

ಸೈಕಲ್ ತುಳಿಯುತ್ತ ಅರ್ಧ ದಾರಿ ಬಂದಾಗ ಹೆದರಿಕೆ ಇಳಿದು ಬೇರೇನೋ ಹತ್ತಿತು. ಮೂವತ್ತು ವರ್ಷ ಆ ಕೈಯನ್ನು ಸತ್ತಿದೆ ಎಂದುಕೊಂಡಿದ್ದೆ. ಅದು ಸತ್ತಿರಲಿಲ್ಲ, ಕಾಯುತ್ತಿತ್ತು. ನನಗಿಂತ ಎಷ್ಟೋ ಹಿಂದಿನವರ ವಿದ್ಯೆಯನ್ನು ಬೆರಳುಗಳಲ್ಲಿ ಮಡಿಚಿಟ್ಟುಕೊಂಡು, ಯಾರ ಮೇಲೂ ದೂರು ಹೇಳದೆ ಕಾಯುತ್ತಿತ್ತು. ಆಗ ಹೊಳೆಯಿತು, ಮನೆಯಲ್ಲಿ ಈಗ ಊಟದ ಹೊತ್ತು. ನೀಲಾಳ ಕೈಯನ್ನು ಕಟ್ಟಿರುತ್ತಾರೆ. ನನಗೆ ಅಳು ಬಂತು. ನಾಚಿಕೆಯ ಅಳು. ಅಪ್ಪ ಮಾಡಿದ್ದನ್ನು ಅರಿಯದೆ ಮಾಡಿದರು. ನಾನು ಕೈಕಟ್ಟಿಸಿಕೊಂಡು ಅರಿತವನು, ಅರಿತೂ ಮಾಡಿದೆ.

ನೀಲಾ ತಾಟಿನ ಮುಂದೆ ಕೂತಿದ್ದಳು. ಬಲಗೈಯಲ್ಲಿ ರೊಟ್ಟಿ ಪುಡಿಯಾಗಿತ್ತು, ಬಾಯಿಗೆ ಹೋಗಿರಲಿಲ್ಲ. ನಾನು ಅವಳ ಬೆನ್ನ ಹಿಂದೆ ಬಂದು ನಿಂತೆ. ಕಟ್ಟಿದ ಎಡಗೈಯ ಬೆರಳುಗಳು ಮುಚ್ಚುತ್ತಿದ್ದವು, ತೆರೆಯುತ್ತಿದ್ದವು, ಇಲ್ಲದ ಏನನ್ನೋ ಹಿಡಿಯುತ್ತ. ಅವಳಿಗೆ ಅದು ಗೊತ್ತಿರಲಿಲ್ಲ.

ಬಿಚ್ಚಲು ಕೂತೆ. ಅವ್ವ ಹಾಕಿದ ಗಂಟನ್ನು ಬಿಚ್ಚಿದವರಿಲ್ಲ. ಬಲಗೈಯ ಉಗುರು ಕಿತ್ತಿತೇ ಹೊರತು ಗಂಟು ಸಡಿಲಲಿಲ್ಲ. ಎಡಗೈ ಜೇಬಿನಿಂದ ಕಲ್ಲು ತೆಗೆಯಿತು. ದಡಿಯ ಮೇಲೆ ಅಂಚು ಇಟ್ಟು ಕೊಯ್ಯತೊಡಗಿತು.

“ಏ ಹುಚ್ಚಪ್ಪಾ, ಕತ್ತರಿ ಐತೆಲ್ಲೋ ಗೂಡಿನ್ಯಾಗ!” ಎಂದಳು ಅವ್ವ.

“ಕತ್ತರಿ ಬಲಗೈಯವರದವ್ವಾ,” ಎಂದೆ. ಆ ಮಾತಿನಲ್ಲಿ ಒಂದು ‘ಬ’ ಇತ್ತೆಂಬುದು ನನಗೆ ಹೊಳೆದದ್ದು ಮರುದಿನ.

“ಎಡಗೈ ಶಿವನ ಪೀಠಾನೋ. ಅದನ್ನ ಎಂಜಲ ಮಾಡಬಾರದು ಅಂತ ಕಟ್ಟೇನಿ.” ಅವ್ವ ದಿನಾ ಮುಂಜಾನೆ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡುವವಳು.

“ಶಿವನ್ನ ಹೊರೂ ಕೈಗೆ ಒಂದ ತುತ್ತು ರೊಟ್ಟಿ ಹೊರಾಕ ಆಗಾಂಗಿಲ್ಲೇನವ್ವಾ?”

ಅವ್ವ ತನ್ನ ಅಂಗೈ ನೋಡಿಕೊಂಡಳು. ಕಲ್ಲು ದಡಿಯ ಮೇಲೆ ಜಾರುತ್ತಿತ್ತು. ಎಷ್ಟಾದರೂ ಎಷ್ಟೋ ಕಾಲದಿಂದ ಮಸೆಯದ ಕಲ್ಲು. ಸ್ವಲ್ಪ ಹೊತ್ತಿಗೆ ಅವ್ವ ಹತ್ತಿರ ಸರಿದು ದಡಿಯ ಎರಡೂ ಕಡೆ ಬಿಗಿಯಾಗಿ ಎಳೆದು ಹಿಡಿದಳು. “ಹಿಂಗ ಬಿಗಿ ಇದ್ದರ ಹರೀತೈತಿ,” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ನಿಮ್ಮಪ್ಪ ಕಣ್ಣಿ ಕಟ್ಟಿದಾಗ ನಾ ಬಾಯಿ ಬಿಡಲಿಲ್ಲ, ಮಗನ,” ಎಂದಳು.

ಒಂದೊಂದೇ ಎಳೆ ಹರಿದು ಕೊನೆಗೆ ದಡಿ ಬಿತ್ತು. ನೀಲಾ ಕೈಯನ್ನು ಮುಂದೆ ತಂದು, ಜೋಮು ಹಿಡಿದ ಬೆರಳುಗಳಿಗೆ ಊದಿಕೊಂಡಳು. ಆಮೇಲೆ ನನ್ನ ಎಡಗೈಯಿಂದ ಕಲ್ಲನ್ನು ತನ್ನ ಎಡಗೈಗೆ ತೆಗೆದುಕೊಂಡಳು. ಅವಳಿಗೆ ಅದು ಬಹಳ ದೊಡ್ಡದು. ಆದರೂ ಹೆಬ್ಬೆರಳು ಒಂದು ಕ್ಷಣವೂ ತಡಕಾಡದೆ ಹೋಗಿ ಕುಳಿಯಲ್ಲಿ ಕೂತಿತು.

“ಅಪ್ಪಾ, ಇದನ್ನ ಮಾಡಿದಾಂವ ಎಲ್ಲಿ ಅದಾನ?”

ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಇಡೀ ಮಾತು. ಎಲ್ಲೂ ತೊಡರಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ‘ಎಲ್ಲಿದ್ದ ಅನ್ನು, ಭೂತಕಾಲ’ ಎಂಬ ಮಾತು ಅಭ್ಯಾಸಬಲದಿಂದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಿದ್ದಿದ್ದು ಸಾಕೆನಿಸಿತು. “ಮೊದಲ ಊಟಾ ಮಾಡು, ಆಮ್ಯಾಲ ಹುಡುಕೋಣು,” ಎಂದೆ.

ಅವಳು ಕಲ್ಲನ್ನು ತಾಟಿನ ಪಕ್ಕದಲ್ಲಿಟ್ಟು, ಎಡಗೈಯಿಂದ ರೊಟ್ಟಿಯ ತುಂಡೊಂದನ್ನು ಮುರಿದು ಮೊದಲು ಅದರ ಮುಂದಿಟ್ಟಳು. ನನ್ನ ತೋಳಿನ ಮೇಲೆ ಇಲ್ಲದ ತುಪ್ಪಳ ಎದ್ದು ನಿಂತಿತ್ತು.

“ಬರೇ ರೊಟ್ಟಿ ಹೆಂಗ ಉಣ್ತಾನ ಅಂವ,” ಎಂದು ಅವ್ವ ಅದರ ಮೇಲೆ ಒಂದು ಚೂರು ಬೆಣ್ಣೆ ಹಾಕಿದಳು.